ಬೇಡ ಎನ್ನುವ ಸುಖ

ನಮ್ಮ ಲ್ಯಾಬಿನಲ್ಲಿ ನನ್ನ ಬಗ್ಗೆ ಒಂದು ಮಾತಿದೆ: ಇವರ ಟೇಬಲ್ಲಿಗೆ ಬಂದ ಕಾಂಪೌಂಡು ಉಳಿಯೋದಿಲ್ಲ. ಕೆಮಿಸ್ಟ್ರಿಯವರು ಇದನ್ನು ಬೇಸರದಿಂದ ಹೇಳುತ್ತಾರೆ, ನಮ್ಮ ಬಯಾಲಜಿಯ ಹುಡುಗರು ಹೆಮ್ಮೆಯಿಂದ. ಯಾರು ಹೇಳಿದರೂ ನನಗೆ ಒಳಗೊಳಗೇ ಖುಷಿ. ಆ ಖುಷಿಯನ್ನೇ ಸ್ವಲ್ಪ ಕೆದಕಿ ನೋಡಬೇಕು ಅಂತ ಈಚೆಗೆ ಅನ್ನಿಸುತ್ತಿದೆ. ಔಷಧಿ ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಔಷಧಿ ಸಿಗಲಿಲ್ಲ ಎಂದು ಗೊತ್ತಾದಾಗ ಹಿಗ್ಗುವುದು ಯಾವ ನ್ಯಾಯ?

ಹೊರದೇಶದ ಔಷಧ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡುವ ಸಂಸ್ಥೆಗಳು ಬೆಂಗಳೂರಿನಲ್ಲಿ ಹಲವಿವೆ. ಅಂಥ ಒಂದರಲ್ಲಿ ನನ್ನ ಕೆಲಸ. ರೋಗದಲ್ಲಿ ಕೈವಾಡವಿದೆ ಎಂದು ನಂಬಲಾದ ಒಂದು ಪ್ರೋಟೀನನ್ನು, ಹೆಚ್ಚಾಗಿ ಒಂದು ಕಿಣ್ವವನ್ನು, ನಮಗೆ ಕೊಡುತ್ತಾರೆ. ಜೊತೆಗೆ ಸಾವಿರಾರು ಅಣುಗಳು. ಅವುಗಳಲ್ಲಿ ಆ ಕಿಣ್ವದ ಕೈ ಕಟ್ಟುವಂಥದ್ದು ಯಾವುದು ಎಂದು ಜಾಲಾಡಿ ತೆಗೆಯಬೇಕು. ಎಷ್ಟೋ ಸಲ ಅಣುವಿನ ರಚನೆಯನ್ನೂ ನಮಗೆ ತೋರಿಸುವುದಿಲ್ಲ, ಬರೀ ಕೋಡ್ ನಂಬರು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಹದಿನಾರು ಸಾಲು, ಸಾಲಿಗೆ ಇಪ್ಪತ್ತನಾಲ್ಕು ಗುಳಿ, ಒಟ್ಟು 384. 1951ರಲ್ಲಿ ಹಂಗೇರಿಯ ಗ್ಯುಲಾ ಟಕಾಚಿ ಎಂಬವರು ಫ್ಲೂ ವೈರಸ್ಸಿನ ಪರೀಕ್ಷೆಗೆಂದು ಪ್ಲಾಸ್ಟಿಕ್ ಹಲಗೆಯಲ್ಲಿ ಆರು ಸಾಲು ಗುಳಿ ಕೊರೆಸಿದ್ದರಂತೆ. ಸಾಮಾನು ಸಿಗದ ಕಾಲದಲ್ಲಿ ಮಾಡಿಕೊಂಡ ಆ ಉಪಾಯ ಇವತ್ತು ಇಡೀ ಉದ್ಯಮದ ಅಳತೆಗೋಲು. ನಮ್ಮ ಪ್ಲೇಟಿನ ಎರಡೂ ತುದಿಯ ಎರಡೆರಡು ಕಾಲಂ ಹೋಲಿಕೆಗೆಂದು ಇಡುವ ಕಂಟ್ರೋಲಿಗೆ ಹೋದರೆ ಉಳಿಯುವುದು 320 ಗುಳಿ. ಒಂದೊಂದರಲ್ಲೂ ಒಂದೊಂದು ಅಣು, ಅದಕ್ಕೆ ಕಿಣ್ವ, ಕಿಣ್ವ ಕೆಲಸ ಮಾಡಿದರೆ ಬೆಳಕು ಬರುವ ಹಾಗೆ ಒಂದು ವ್ಯವಸ್ಥೆ. ಬೆಳಕು ಕುಂದಿದ ಗುಳಿ ‘ಹಿಟ್’. ನೂರಕ್ಕೆ ಒಂದು ಸಿಕ್ಕರೂ ಹೆಚ್ಚು.

ಸಿಕ್ಕವುಗಳಲ್ಲೂ ಮುಕ್ಕಾಲು ಪಾಲು ಮೋಸ. ನನ್ನ ಅಧ್ಯಾಯ ಶುರುವಾಗುವುದು ಇಲ್ಲಿಂದ. ಕೆಲವು ಅಣುಗಳು ತಾವೇ ಬೆಳಕನ್ನು ನುಂಗುತ್ತವೆ. ರೀಡರ್ ಮಷೀನು ಅದನ್ನೂ ನಂಬಿಬಿಡುತ್ತದೆ. ಕೆಲವು ಯಾವ ಪ್ರೋಟೀನು ಕಂಡರೂ ಹೋಗಿ ಅಂಟಿಕೊಳ್ಳುತ್ತವೆ. ಇನ್ನು ಕೆಲವು ನೀರಿನಲ್ಲಿ ಸರಿಯಾಗಿ ಕರಗದೆ ಸಾವಿರಗಟ್ಟಲೆ ಒಟ್ಟುಗೂಡಿ ಸಣ್ಣ ಸಣ್ಣ ಮುದ್ದೆಗಳಾಗುತ್ತವೆ. ಕಿಣ್ವ ಆ ಮುದ್ದೆಯ ಮೈಗೆ ಅಂಟಿ ಕೂರುತ್ತದೆ, ಕೆಲಸ ನಿಲ್ಲುತ್ತದೆ, ನಮಗೆ ಔಷಧಿ ಸಿಕ್ಕಿತು ಅನ್ನಿಸುತ್ತದೆ. ಅಮೆರಿಕದ ಬ್ರಯನ್ ಶಾಯ್ಕೆಟ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಎಷ್ಟು ‘ಹಿಟ್’ಗಳ ಬಣ್ಣ ಬಯಲಾಯಿತೋ ಲೆಕ್ಕವಿಲ್ಲ.

ಇದನ್ನು ಹಿಡಿಯುವ ಪರೀಕ್ಷೆ ತೀರಾ ಸುಲಭ. ಬಫರಿಗೆ ಟ್ರೈಟಾನ್ ಎಕ್ಸ್-100 ಎಂಬ ಸೋಪಿನಂಥ ದ್ರವವನ್ನು ಶೇಕಡಾ 0.01ರಷ್ಟು ಸೇರಿಸಿ ಅದೇ ಪ್ರಯೋಗ ಮತ್ತೆ ಮಾಡುವುದು, ಅಷ್ಟೆ. ಮುದ್ದೆಗಳು ಒಡೆಯುತ್ತವೆ, ಕಿಣ್ವ ಬಿಡುಗಡೆಯಾಗುತ್ತದೆ. ಸ್ಕ್ರೀನಿನ ಮೇಲೆ ಹತ್ತು ಚುಕ್ಕೆಗಳ ಗ್ರಾಫು ಮೂಡುತ್ತದೆ. ಮೊದಲ ಸಲ ಕಡಿದಾಗಿ, ಸುಂದರವಾಗಿ ಕೆಳಗಿಳಿದಿದ್ದ ಗೆರೆ ಈಗ ಮೇಲೇ ಅಡ್ಡಡ್ಡ ಮಲಗಿರುತ್ತದೆ. ಆ ಗೆರೆ ಮಲಗುವ ಗಳಿಗೆಯಲ್ಲಿ ನನಗಾಗುವ ಆನಂದವಿದೆಯಲ್ಲ, ಅದನ್ನು ಯಾರ ಮುಂದೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆ ಅಣುವನ್ನು ಒಬ್ಬ ಕೆಮಿಸ್ಟ್ ವಾರಗಟ್ಟಲೆ ಫ್ಯೂಮ್ ಹುಡ್ ಎದುರು ನಿಂತು ಕಟ್ಟಿರುತ್ತಾನೆ. ನಾನು ಮೀಟಿಂಗಿನಲ್ಲಿ ಎರಡು ಗ್ರಾಫನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತೇನೆ. ಅವನ ಮುಖ ನೋಡುವುದಿಲ್ಲ. ನೋಡುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ, ಓರೆಗಣ್ಣಲ್ಲಿ ನೋಡುತ್ತೇನೆ.

ಮನೆಯವರನ್ನೂ ನಾನು ಬಿಟ್ಟಿಲ್ಲ. ಒಂದು ಮದುವೆಯ ಅರಿಶಿನ ಶಾಸ್ತ್ರದಲ್ಲಿ ಸೋದರತ್ತೆ, “ಅರಿಶಿನದಲ್ಲೇ ಕ್ಯಾನ್ಸರಿಗೆ ಔಷಧಿ ಇದ್ಯಂತಲ್ಲೇ, ನಿಮ್ ಲ್ಯಾಬಲ್ಲಿ ನೋಡಿದ್ದೀರಾ?” ಎಂದು ಅಕ್ಕರೆಯಿಂದ ಕೇಳಿದರು. ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. ನಾನು ಶುರುಮಾಡಿದೆ. ಅರಿಶಿನದ ಕರ್ಕ್ಯುಮಿನ್ ಯಾವ ಪ್ರಯೋಗಕ್ಕೆ ಹಾಕಿದರೂ ‘ಕೆಲಸ ಮಾಡುತ್ತದೆ’. ಅದು ತಾನೇ ಹೊಳೆಯುತ್ತದೆ, ಮುದ್ದೆಗಟ್ಟುತ್ತದೆ, ಪ್ರೋಟೀನಿಗೆ ಅಂಟುತ್ತದೆ, ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ತಿಂದರೆ ರಕ್ತಕ್ಕೆ ಸೇರುವುದೇ ಅಪರೂಪ. 2017ರಲ್ಲಿ ಅಮೆರಿಕದ ವಿಜ್ಞಾನಿಗಳು ಇಡೀ ಸಾಹಿತ್ಯ ಜಾಲಾಡಿ, ಸರಿಯಾಗಿ ನಡೆಸಿದ ಡಬಲ್ ಬ್ಲೈಂಡ್ ಟ್ರಯಲ್ ಒಂದರಲ್ಲೂ ಇದು ಗೆದ್ದಿಲ್ಲ ಎಂದು ಬರೆದರು, ಹೀಗೆ. ಅತ್ತೆ ಅಂಗೈಯಲ್ಲಿದ್ದ ಅರಿಶಿನವನ್ನು ಮದುಮಗಳ ಕೆನ್ನೆಗೆ ಹಚ್ಚಿ ಮುಗಿಸಿ, ನನ್ನ ಕಡೆ ತಿರುಗಿ, “ಸರಿ ಕಣೇ. ಮತ್ತೆ ನೀನು ಏನು ಕಂಡುಹಿಡಿದೆ?” ಅಂದರು. ಚುಚ್ಚಬೇಕೆಂದು ಕೇಳಿದ ಪ್ರಶ್ನೆಯಲ್ಲ ಅದು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ಸ್ವಭಾವ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಮೊದಲು ಹೊಳೆದದ್ದು ವಿಜ್ಞಾನದ ಶಿಸ್ತು, ಅನುಮಾನವೇ ವಿಜ್ಞಾನಿಯ ಧರ್ಮ, ಇತ್ಯಾದಿ. ಈ ವಿವರಣೆ ನನ್ನನ್ನು ತೀರಾ ಒಳ್ಳೆಯವಳನ್ನಾಗಿ ತೋರಿಸುತ್ತದೆ, ಅದಕ್ಕೇ ನಂಬಿಕೆ ಬರುತ್ತಿಲ್ಲ. ನಿಜವಾದ ಕಾರಣ ಇನ್ನೂ ಸಣ್ಣದು. ಹತ್ತನೇ ಕ್ಲಾಸಿನವರೆಗೆ ನಾನು ಓದಿದ್ದು ಕನ್ನಡ ಮೀಡಿಯಂ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರದೇಶದ ಕ್ಲೈಂಟುಗಳ ಜೊತೆ ಸಂಜೆ ಕಾಲ್ ಇದ್ದರೆ ಮಧ್ಯಾಹ್ನದಿಂದಲೇ ಹೊಟ್ಟೆ ತೊಳಸುತ್ತಿತ್ತು. ಒಂದು ಅಣುವಿನ ಪರ ವಾದಿಸಬೇಕಾದರೆ ತುಂಬಾ ಮಾತಾಡಬೇಕು. ಇದು ಯಾಕೆ ಭರವಸೆಯದು, ಮುಂದೆ ಹೇಗೆ ಸುಧಾರಿಸಬಹುದು, ರೋಗಿಗೆ ಯಾಕೆ ಆಗಿಬರಬಹುದು, ಎಲ್ಲವನ್ನೂ ಸರಾಗವಾದ ಇಂಗ್ಲಿಷಿನಲ್ಲಿ ಕಟ್ಟಿ ಕೊಡಬೇಕು. ವಿರುದ್ಧ ಹೇಳಲು ಒಂದು ಸ್ಲೈಡ್ ಸಾಕು. “ಆರ್ಟಿಫ್ಯಾಕ್ಟ್”, ಅಂದರೆ ಪ್ರಯೋಗದ ಹುಸಿ ಫಲ, ಎಂಬ ಒಂದೇ ಶಬ್ದಕ್ಕೆ ಆ ಕಡೆಯ ದೊಡ್ಡವರೆಲ್ಲ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅತಿ ಕಡಿಮೆ ಮಾತಿಗೆ ಅತಿ ಹೆಚ್ಚು ಮರ್ಯಾದೆ ಸಿಗುವ ಜಾಗ ನನಗೆ ಹಾಗೆ ಸಿಕ್ಕಿತು. ಈಗ ಇಂಗ್ಲಿಷ್ ಸಲೀಸು. ಜಾಗ ಮಾತ್ರ ಬಿಟ್ಟಿಲ್ಲ.

ಆ ಜಾಗದ ಇನ್ನೊಂದು ಅನುಕೂಲ ಅರ್ಥವಾದದ್ದು ತಡವಾಗಿ. ಅಲ್ಲಿ ಕೂತವರು ಸಿಕ್ಕಿಬೀಳುವುದಿಲ್ಲ.

ಹುಸಿ ಹಿಟ್ ಒಂದನ್ನು ನಿಜವೆಂದು ದಾಟಿಸಿದರೆ ಇವತ್ತಲ್ಲ ನಾಳೆ ಬಯಲಾಗುತ್ತದೆ. ಕೆಮಿಸ್ಟುಗಳ ಆರು ತಿಂಗಳು ಹೋಗುತ್ತದೆ, ಕ್ಲೈಂಟಿನ ದುಡ್ಡು ಹೋಗುತ್ತದೆ, ಯಾರು ಪಾಸು ಮಾಡಿದ್ದು ಎಂದು ಹಿಂದಕ್ಕೆ ಹುಡುಕಿಕೊಂಡು ಬರುತ್ತಾರೆ. ಹೊಸಬರಿಗೆ ಪಾಠ ಹೇಳುವಾಗ ನಾನು ಅಟಾಲುರೆನ್ ಕಥೆ ಹೇಳುತ್ತೇನೆ. ಮಿಂಚುಹುಳದ ಲ್ಯೂಸಿಫರೇಸ್ ಎಂಬ ಕಿಣ್ವದ ಬೆಳಕನ್ನು ಸೂಚಕವಾಗಿ ಇಟ್ಟುಕೊಂಡು ಹುಡುಕಿ ತೆಗೆದ ಅಣು ಅದು. ಆ ಅಣು ಲ್ಯೂಸಿಫರೇಸಿಗೇ ಅಂಟಿಕೊಂಡು ಅದನ್ನು ಹೆಚ್ಚು ಹೊತ್ತು ಉಳಿಸುತ್ತದೆ, ಬೆಳಕು ಹೆಚ್ಚಿದ್ದಕ್ಕೆ ಅದೇ ಕಾರಣವಿರಬಹುದು ಎಂದು 2009ರಲ್ಲಿ ಬೇರೆ ವಿಜ್ಞಾನಿಗಳು ತೋರಿಸಿದರು. ಅಷ್ಟರಲ್ಲಿ ಅದು ಸ್ನಾಯು ಕ್ಷಯಿಸುವ ಡುಷೆನ್ ಕಾಯಿಲೆಯ ಮಕ್ಕಳ ಮೇಲಿನ ಟ್ರಯಲಿಗೆ ಹೋಗಿಯಾಗಿತ್ತು. 2014ರಲ್ಲಿ ಯುರೋಪು ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು, 2025ರಲ್ಲಿ ಆ ಪರವಾನಗಿಯನ್ನು ನವೀಕರಿಸಲಿಲ್ಲ. ಔಷಧಿ ನಿಜಕ್ಕೂ ಸ್ವಲ್ಪವಾದರೂ ಕೆಲಸ ಮಾಡುತ್ತದೆಯೇ ಎಂಬ ಜಗಳ ಇನ್ನೂ ಪೂರ್ತಿ ಆರಿಲ್ಲ. ಏನೇ ಇರಲಿ, ಈ ಕಥೆ ಕೇಳಿದ ಮೇಲೆ ಹುಡುಗರು ಪ್ರತಿ ‘ಹಿಟ್’ ಅನ್ನೂ ಕಳ್ಳನೆಂದೇ ನೋಡಲು ಕಲಿಯುತ್ತಾರೆ. ನನಗೆ ಬೇಕಾಗಿದ್ದೂ ಅದೇ.

ನಿಜವಾದ ಅಣುವನ್ನು ಹುಸಿಯೆಂದು ಬಿಸಾಕಿದರೆ? ಏನೂ ಆಗುವುದಿಲ್ಲ. ಅದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಫೈಲಿನಲ್ಲಿ ‘ಇನ್ಆಕ್ಟಿವ್’ ಎಂಬ ಕಾಲಮ್ಮಿಗೆ ಸೇರಿ ಲಕ್ಷಾಂತರ ಕೋಡ್ ನಂಬರುಗಳ ನಡುವೆ ಇದ್ದುಬಿಡುತ್ತದೆ. ಬರಬಹುದಾಗಿದ್ದ ಔಷಧಿಗಾಗಿ ದೂರು ಕೊಡುವ ರೋಗಿ ಇಲ್ಲ. ಇಷ್ಟು ವರ್ಷದ ನನ್ನ ಹೆಸರು ನಿಂತಿರುವುದು ಈ ಮೌನದ ಮೇಲೆ. ಬೇಡ ಎಂದದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ಯಾರೂ ಲೆಕ್ಕ ಹಾಕಿಲ್ಲ, ಹಾಕುವಂತೆಯೂ ಇಲ್ಲ. ನೂರಕ್ಕೆ ನೂರು ಸರಿ ಎಂಬ ಭಾವನೆ ಮಾತ್ರ ಎಲ್ಲರಲ್ಲೂ ಇದೆ, ನನ್ನಲ್ಲೂ.

ಯಾವುದು ಹಿಟ್, ಯಾವುದು ಅಲ್ಲ ಎಂಬ ಗೆರೆ ಎಳೆಯುವುದು ಹೇಗೆ ಅಂತಲೂ ಹೇಳಬೇಕು. ಪ್ರಯೋಗ ಗಟ್ಟಿಯಾಗಿದೆಯೇ ಎಂದು ನೋಡಲು ಝಡ್ ಪ್ರೈಮ್ ಎಂಬ ಅಳತೆಯಿದೆ. 1999ರಲ್ಲಿ ಝಾಂಗ್, ಚಂಗ್, ಓಲ್ಡನ್‌ಬರ್ಗ್ ಮೂವರು ಕೊಟ್ಟ ಸೂತ್ರ. ಪೂರ್ತಿ ಬೆಳಕಿನ ಗುಳಿಗಳಿಗೂ ಪೂರ್ತಿ ಕತ್ತಲಿನ ಗುಳಿಗಳಿಗೂ ನಡುವಿನ ಅಂತರ ಎಷ್ಟು ಸ್ವಚ್ಛವಾಗಿದೆ ಎಂದು ಅದು ಹೇಳುತ್ತದೆ, 0.5 ದಾಟಿದರೆ ಒಳ್ಳೆಯದು. ಅಲ್ಲಿಯವರೆಗೆ ಗಣಿತ. ಆಮೇಲೆ ಹಿಟ್ ಅನ್ನಲು ಶೇಕಡಾ ಎಷ್ಟು ತಡೆಯಬೇಕು ಎಂಬ ಪ್ರಶ್ನೆ ಬರುತ್ತದೆ. ರಿಪೋರ್ಟಿನಲ್ಲಿ ಸರಾಸರಿ, ಪ್ರಮಾಣ ವಿಚಲನೆ ಎಂದೆಲ್ಲ ಬರೆಯುತ್ತೇವೆ. ನಿಜಸಂಗತಿ ಏನೆಂದರೆ ಎರಡನೇ ಸುತ್ತಿಗೆ ಎಷ್ಟು ಪ್ಲೇಟು ಬಜೆಟ್ಟಿನಲ್ಲಿದೆ ಎಂದು ಮೊದಲು ನೋಡುತ್ತೇವೆ. ಒಂದು ಪ್ಲೇಟಿಗೆ ದುಡ್ಡಿದ್ದರೆ 320 ಅಣು. ಪಟ್ಟಿಯನ್ನು ಇಳಿಕೆಯ ಕ್ರಮದಲ್ಲಿ ಜೋಡಿಸಿ 320ನೆಯದರ ಕೆಳಗೆ ಗೆರೆ ಎಳೆದರೆ ಅಲ್ಲಿ ಯಾವ ಅಂಕಿ ಬರುತ್ತದೋ ಅದೇ ಕಟ್‌ಆಫ್. ಒಂದು ಸಲ ಹಾಗೆ ಬಂದ ಶೇಕಡಾ 43 ಎಂಬ ಅಂಕಿಯನ್ನು ಪ್ರಕೃತಿ ಕೊಟ್ಟದ್ದಲ್ಲ, ಪ್ಲಾಸ್ಟಿಕ್ ಕೊಟ್ಟದ್ದು.

ಆ ಗೆರೆ ಎಳೆದ ಸಂಜೆ ಟೀಮಿಗೆ ಹೊಸದಾಗಿ ಬಂದಿದ್ದ ದಾವಣಗೆರೆಯ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. “ಮೇಡಮ್, ಇದು 41 ಬಂದಿದೆ. ಅಂಚಿನ ಸಾಲಿನ ವೆಲ್ಲು. ಅಂಚಲ್ಲಿ ನೀರು ಆರಿರುತ್ತಲ್ಲ, ಅದ್ಕೇ ಕಮ್ಮಿ ಬಂದಿರಬಹುದು. ಇನ್ನೊಂದ್ಸಲ ಹಾಕೋಣ್ವಾ?” ಅವಳು ಹೇಳಿದ್ದರಲ್ಲಿ ಹುರುಳಿತ್ತು. ಪ್ಲೇಟಿನ ಅಂಚಿನ ಗುಳಿಗಳು ಇನ್ಕ್ಯುಬೇಟರಿನಲ್ಲಿ ಬೇಗ ಆರುತ್ತವೆ, ಬೇಗ ಬಿಸಿಯಾಗುತ್ತವೆ, ಅಲ್ಲಿನ ಅಂಕಿ ಅತ್ತಿತ್ತ ಹೋಗುವುದು ಎಲ್ಲ ಲ್ಯಾಬಿನ ಮಾಮೂಲು ತಲೆನೋವು. “ಒಂದಕ್ಕೆ ದಯೆ ತೋರಿಸಿದ್ರೆ ಎಲ್ಲಕ್ಕೂ ತೋರಿಸ್ಬೇಕಾಗುತ್ತೆ” ಅಂದೆ. ನಿಯಮದ ಪ್ರಕಾರ ನಾನೇ ಸರಿ. ಇಷ್ಟವಾದ ಅಂಕಿಯನ್ನು ಮಾತ್ರ ಮತ್ತೆ ಅಳೆಯುತ್ತಾ ಹೋದರೆ ಬೇಕಾದ ಉತ್ತರ ಬರುವವರೆಗೆ ಅಳೆದಂತಾಗುತ್ತದೆ. ಅವಳು ತಲೆಯಾಡಿಸಿ ಹೋದಳು. ಆದರೆ ನಾನು ಹಾಗೆ ಹೇಳಿದ್ದು ನಿಯಮಕ್ಕಾಗಿಯೋ, ಏಳು ಗಂಟೆಯ ಕಂಪನಿ ಬಸ್ಸಿಗಾಗಿಯೋ, ಬೇಡ ಅನ್ನುವುದು ರೂಢಿಯಾಗಿಬಿಟ್ಟಿತ್ತೋ, ಇವತ್ತಿಗೂ ನನಗೆ ಬಿಡಿಸಲು ಆಗಿಲ್ಲ. ಆ ಕಾಂಪೌಂಡು ಏನಾಗುತ್ತಿತ್ತು ಎಂಬುದು ಗೊತ್ತಾಗುವ ದಾರಿಯಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಈ ‘ಬಹುಶಃ’ವನ್ನೇ ನಾನು ಇಷ್ಟು ವರ್ಷ ಉಂಡು ಬದುಕಿರುವುದು.

ಸೊನ್ನೆ ಬಂದ ಗುಳಿಯ ಕಥೆಯೂ ಅಷ್ಟೇ. ಸೊನ್ನೆ ಎಂದರೆ ಅಣು ಕೆಲಸ ಮಾಡಲಿಲ್ಲ ಎಂದು ಬರೆದುಕೊಳ್ಳುತ್ತೇವೆ. ಅಣು ಆ ಗುಳಿಯಲ್ಲಿ ಇರಲೇ ಇಲ್ಲ ಅಂತಲೂ ಇರಬಹುದು. ಅಣುಗಳನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ ಫ್ರೀಜರಿನಲ್ಲಿ ಇಡುತ್ತೇವೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುವ ದ್ರವ. ಪ್ರತಿಸಲ ಹೊರತೆಗೆದು, ಕರಗಿಸಿ, ಮತ್ತೆ ಒಳಗಿಟ್ಟಾಗ ಒಂದಿಷ್ಟು ನೀರು ಸೇರುತ್ತದೆ. ಕೆಲವು ಅಣುಗಳು ಆಗ ಹರಳಾಗಿ ತಳಕ್ಕೆ ಕೂರುತ್ತವೆ. ಪಿಪೆಟ್ಟಿನ ತುದಿ ಮೇಲಿನ ತಿಳಿಯನ್ನಷ್ಟೇ ಹೀರಿಕೊಂಡು ಬರುತ್ತದೆ. ಇನ್ನು ಕೆಲವು ವರ್ಷಗಟ್ಟಲೆ ಕೂತು ಬೇರೇನೋ ಆಗಿರುತ್ತವೆ. ಹಿಟ್ ಬಂದರೆ ಆ ಸ್ಯಾಂಪಲ್ಲು ಶುದ್ಧವಿದೆಯೇ ಎಂದು ಮಾಸ್ ಸ್ಪೆಕ್ಟ್ರೋಮೀಟರಿಗೆ ಕಳಿಸುತ್ತೇವೆ. ಸೊನ್ನೆ ಬಂದದ್ದನ್ನು ಈಚಿನವರೆಗೆ ಯಾವತ್ತೂ ಕಳಿಸಿದ್ದಿಲ್ಲ. ಅನುಮಾನ ನನ್ನ ಧರ್ಮವೇ ಆಗಿದ್ದರೆ ಎರಡೂ ಕಡೆ ಸಮನಾಗಿ ಪಡಬೇಕಿತ್ತಲ್ಲ?

ಇದೆಲ್ಲ ತಲೆಗೆ ಹತ್ತಿದ್ದು ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ, ಚಿಕ್ಕಪ್ಪನ ಹಾಸಿಗೆ ಪಕ್ಕ. ಅವರಿಗೆ ಟಿಬಿ ಬಂದಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, “ಇದರಲ್ಲಿ ಮಂಡಿ ನೋವು ತರೋದು ಯಾವುದವ್ವ?” ಎಂದು ಕೇಳಿದರು. ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಿ. ಮೂತ್ರವನ್ನು ಕೆಂಪಾಗಿಸುವುದು ರಿಫಾಂಪಿಸಿನ್, ಮಂಡಿ ಹಿಡಿಸುವುದು ಬಹುಮಟ್ಟಿಗೆ ಪೈರಾಜಿನಮೈಡ್, ಯೂರಿಕ್ ಆಮ್ಲ ಏರಿಸುವ ಗುಣ ಅದರದ್ದು. ಹಾಗೆಂದು ಹೇಳಿದೆ. “ಅದೊಂದನ್ನ ಬಿಡೋಕಾಗಲ್ವಾ?” ಅಂದರು. ಅದನ್ನು ಬಿಟ್ಟರೆ ಆರು ತಿಂಗಳ ಚಿಕಿತ್ಸೆ ಒಂಬತ್ತಕ್ಕೆ ಹೋಗುತ್ತದೆ, ಆಳದಲ್ಲಿ ಅಡಗಿ ಕೂತ ಟಿಬಿ ಕ್ರಿಮಿಯನ್ನು ಹೊಡೆಯುವುದು ಅದೇ, ಎಂದು ಸಮಾಧಾನ ಮಾಡಿದೆ. ಹೇಳುತ್ತಿರುವಾಗಲೇ ಒಂದು ವಿಷಯ ನೆನಪಾಗಿ ನಾಲಗೆ ತಡವರಿಸಿತು.

ಮಾಮೂಲಿ ಪರೀಕ್ಷೆಗೆ ಹಾಕಿದರೆ ಪೈರಾಜಿನಮೈಡಿನ ಫಲಿತಾಂಶ ಸೊನ್ನೆ. ಟಿಬಿ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸುವ ಸಾಧಾರಣ ದ್ರವದಲ್ಲಿ ಅದು ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ, ಸುತ್ತ ಹುಳಿ ಇದ್ದರೆ ಮಾತ್ರ ಕೆಲಸ. 1952ರಲ್ಲಿ ಅಮೆರಿಕದ ಲೆಡರ್ಲಿ ಕಂಪನಿಯವರು ಅದನ್ನು ನೇರವಾಗಿ ಟಿಬಿ ತಗುಲಿದ ಇಲಿಗಳಿಗೆ ಕೊಟ್ಟು ನೋಡಿದ್ದರು. ನಿಕೋಟಿನಮೈಡ್ ಎಂಬ ವಿಟಮಿನ್ನು ಪ್ರಾಣಿಗಳ ಟಿಬಿಯನ್ನು ತುಸು ತಡೆಯುತ್ತದೆ ಎಂಬ ಹಳೆಯ ಸುಳಿವೊಂದು ಅವರ ಕೈಯಲ್ಲಿತ್ತು. ಇಲಿಗಳು ಉಳಿದವು. ಹುಳಿಯ ಗುಟ್ಟು ತಿಳಿದದ್ದು ಆಮೇಲೆ, 1954ರಲ್ಲಿ. ಮೊದಲು ಪ್ಲೇಟು, ಅಲ್ಲಿ ಗೆದ್ದರೆ ಮಾತ್ರ ಇಲಿ ಎಂಬ ನಮ್ಮ ಇವತ್ತಿನ ಕ್ರಮದಲ್ಲಿ ಅದು ಮೊದಲ ದಿನವೇ ಕಸದ ಬುಟ್ಟಿ ಸೇರುತ್ತಿತ್ತು.

ನಾನೂ ಕೆಲಕಾಲ ಟಿಬಿ ಪ್ರಾಜೆಕ್ಟಿನಲ್ಲಿದ್ದೆ. ನಿಜವಾದ ಟಿಬಿ ಕ್ರಿಮಿ ಅಪಾಯಕಾರಿ, ಬೆಳೆಯುವುದೂ ನಿಧಾನ, ಅದಕ್ಕೆ ಬದಲು ಸ್ಮೆಗ್ಮಾಟಿಸ್ ಎಂಬ ಅದರ ನಿರುಪದ್ರವಿ ದಾಯಾದಿಯನ್ನು ಬಳಸುತ್ತಿದ್ದೆವು. ಕ್ರಿಮಿ ಬದುಕಿದ್ದರೆ ಗುಳಿಗೆ ಹಾಕಿದ ನೀಲಿ ಬಣ್ಣ ಗುಲಾಬಿಗೆ ತಿರುಗುತ್ತದೆ, ಸತ್ತಿದ್ದರೆ ನೀಲಿಯಾಗಿಯೇ ಉಳಿಯುತ್ತದೆ. ಬೆಳಿಗ್ಗೆ ಇನ್ಕ್ಯುಬೇಟರಿನ ಬಾಗಿಲು ತೆಗೆದಾಗ ಗುಲಾಬಿ ಪ್ಲೇಟಿನ ನಡುವೆ ಎಲ್ಲಾದರೂ ಒಂದು ನೀಲಿ ಗುಳಿ ಇದೆಯೇ ಎಂದು ಹುಡುಕುವುದೇ ನಮ್ಮ ಕೆಲಸ. ಬೆಲ್ಜಿಯಂನ ಕೂನ್ ಆಂಡ್ರೀಸ್ ತಂಡ ಇದೇ ಸ್ಮೆಗ್ಮಾಟಿಸ್ ಮೇಲೆ ಜಾಲಾಡಿ ಬೆಡಾಕ್ವಿಲಿನ್ ಔಷಧಿಯನ್ನು ಕಂಡುಹಿಡಿಯಿತು. 2005ರಲ್ಲಿ ಪ್ರಕಟವಾಗಿ 2012ರ ಕೊನೆಗೆ ಅಮೆರಿಕದ ಒಪ್ಪಿಗೆ ಪಡೆದು, ಮೊಂಡು ಟಿಬಿಯ ರೋಗಿಗಳಿಗೆ ಅದು ಹೊಸ ದಾರಿಯಾಯಿತು. ಹುಡುಗರಿಗೆ ಈ ಕಥೆಯನ್ನು ಹುರುಪಿನಿಂದ ಹೇಳುತ್ತಿದ್ದೆ. ಅದೇ ಸ್ಮೆಗ್ಮಾಟಿಸ್ ಹುಟ್ಟಿನಿಂದಲೇ ಪೈರಾಜಿನಮೈಡಿಗೆ ಜಗ್ಗುವುದಿಲ್ಲ ಎಂಬುದನ್ನು ಹೇಳುತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ, ಗೊತ್ತಿತ್ತು. ಕಥೆಗೆ ಹೊಂದುತ್ತಿರಲಿಲ್ಲ.

ಹಳೆಯ ಕಥೆಗಳಲ್ಲೂ ಇಂಥವಿವೆ. 1932ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪರೀಕ್ಷಿಸಿದ ಪ್ರೊಂಟೊಸಿಲ್ ಎಂಬ ಕೆಂಪು ಬಣ್ಣ ಗಾಜಿನ ಕೊಳವೆಯಲ್ಲಿ ಒಂದು ಬ್ಯಾಕ್ಟೀರಿಯಾವನ್ನೂ ಕೊಲ್ಲಲಿಲ್ಲ, ಸೋಂಕಿನ ಇಲಿಗಳನ್ನು ಮಾತ್ರ ಬದುಕಿಸಿತು. ದೇಹದೊಳಗೆ ಅದು ಒಡೆದು ಸಲ್ಫಾ ಔಷಧಿಯಾಗುತ್ತದೆ ಎಂದು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯವರು 1935ರಲ್ಲಿ ಪತ್ತೆಹಚ್ಚಿದರು. ಇವೆಲ್ಲ ಹೇಗೋ ಬಚಾವಾದ ಅಣುಗಳು, ಆದ್ದರಿಂದಲೇ ಅವುಗಳ ಕಥೆ ನಮಗೆ ಗೊತ್ತು. ಬಚಾವಾಗದವುಗಳ ಕಥೆ ಹೇಳಲು ಅಟಾಲುರೆನ್‌ನಂಥ ಒಂದು ಹೆಸರೂ ನನ್ನ ಪಾಠದಲ್ಲಿಲ್ಲ.

ಹಾಗಾದರೆ ಗೆರೆ ಸಡಿಲಿಸಿಬಿಡಲೇ? ಅಷ್ಟು ಸುಲಭಕ್ಕೆ ಮುಗಿಯುವ ಲೆಕ್ಕವಲ್ಲ ಇದು. ಗ್ಲಾಕ್ಸೋ ಸ್ಮಿತ್‌ಕ್ಲೈನ್ ಕಂಪನಿ 1995ರಿಂದ 2001ರವರೆಗೆ ಹೊಸ ಆಂಟಿಬಯಾಟಿಕ್ಕಿಗಾಗಿ 70 ಸಲ ದೊಡ್ಡ ಮಟ್ಟದ ಜಾಲಾಟ ನಡೆಸಿತು. ಕೈಗೆ ಬಂದ ‘ಲೀಡ್’ಗಳು, ಅಂದರೆ ಮುಂದಕ್ಕೆ ಒಯ್ಯಬಹುದಾದ ಅಣುಗಳು, ಐದು. ಅವರೇ 2007ರಲ್ಲಿ ಇದನ್ನು ಬರೆದು ಒಪ್ಪಿಕೊಂಡರು. ಇಂಥ ಬರಗಾಲದಲ್ಲಿ ಸಿಕ್ಕಸಿಕ್ಕದ್ದನ್ನೆಲ್ಲ ಒಳಗೆ ಬಿಟ್ಟರೆ ಕೆಮಿಸ್ಟುಗಳು ಮುದ್ದೆಗಟ್ಟುವ ಅಣುಗಳ ಹಿಂದೆ ಓಡಿ ಸುಸ್ತಾಗುತ್ತಾರೆ. ಬೇಡ ಎನ್ನುವವರು ಒಬ್ಬರು ಇರಲೇಬೇಕು. ಆ ಕೆಲಸದ ಬಗ್ಗೆ ನನ್ನ ತಕರಾರಿಲ್ಲ, ಅದನ್ನು ಮಾಡುವಾಗ ನನಗೇಕೆ ಅಷ್ಟು ಹಿತವಾಗುತ್ತದೆ ಎಂಬುದರ ಬಗ್ಗೆ ಇದೆ.

ಈಚೆಗೆ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಎರಡನೇ ಸುತ್ತಿನ ಪ್ಲೇಟಿನಲ್ಲಿ ಒಂದು ಕಾಲಂ ಖಾಲಿ ಬಿಡಿಸಿ, ಗೆರೆಯ ಕೆಳಗೆ ಬಿದ್ದವುಗಳಲ್ಲಿ ಹದಿನಾರನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಿಂದ ಆರಿಸಿ ಮತ್ತೆ ಹಾಕಿಸುತ್ತೇನೆ. ಮೊದಲು ಅವು ನಿಜಕ್ಕೂ ದ್ರಾವಣದಲ್ಲಿ ಇವೆಯೇ ಎಂದೂ ನೋಡಿಸುತ್ತೇನೆ. ಹದಿನಾರು ‘ಹಿಟ್’ಗಳಿಗೆ ಜಾಗ ತಪ್ಪಿತು ಎಂದು ಮ್ಯಾನೇಜರ್ ಗೊಣಗುತ್ತಾರೆ, ದಾವಣಗೆರೆಯ ಹುಡುಗಿ ಮಾತ್ರ ಆ ಕಾಲಮ್ಮನ್ನು ತಾನೇ ತುಂಬುತ್ತಾಳೆ, ಏನೂ ಕೇಳುವುದಿಲ್ಲ. ಕೆಲವು ಬಾಟಲಿಗಳಲ್ಲಿ ಅಣು ಕರಗಿರಲೇ ಇಲ್ಲ ಎಂಬುದು ಆಗಲೇ ಪತ್ತೆಯಾಗಿದೆ. ಹೊಸದಾಗಿ ಕರಗಿಸಿ ಹಾಕಿದ ಮೇಲೂ ಈವರೆಗೆ ಒಂದೂ ಗೆರೆ ದಾಟಿಲ್ಲ. ರಿಪೋರ್ಟ್ ತೆರೆದು ಆ ಕಾಲಂ ಮೇಲೆ ಕಣ್ಣಾಡಿಸುವಾಗ ನನಗಾಗುವುದು ನಿರಾಸೆ ಅಲ್ಲ, ನೆಮ್ಮದಿ. ಸದ್ಯ, ಈ ಸಲವೂ ಯಾವುದೂ ಎದ್ದು ಬರಲಿಲ್ಲ ಎಂಬ ನೆಮ್ಮದಿ. ಮುಂದಿನ ಬ್ಯಾಚಿಗೂ ಹದಿನಾರು ಆರಿಸಿ ಕಳಿಸಿದ್ದೇನೆ.